ಇಗ್ನಿಷನ್‌ನಲ್ಲಿ ಕಚ್ಚಿಕೊಂಡ ಕೀ

ಕಾರಿನ ಕೀ ಇಗ್ನಿಷನ್‌ನಲ್ಲಿ ಕಚ್ಚಿಕೊಂಡಿತು ಅಂದರೆ ನಮ್ಮ ಜನ ಮೊದಲು ಹುಡುಕುವುದು ಕೊಬ್ಬರಿ ಎಣ್ಣೆ. ಅದಕ್ಕೂ ಬಗ್ಗದಿದ್ದರೆ ಕಟಿಂಗ್ ಪ್ಲೇಯರ್. ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕೀ ಯಾವ ಜಾಗದಲ್ಲಿ ಕಚ್ಚುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ನನ್ನದು 2009ರ ಮಾಡೆಲ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಸಣ್ಣ ಪೆಟ್ರೋಲ್ ಕಾರು. ನಾವಿರುವುದು ಚಿತ್ರದುರ್ಗದಲ್ಲಿ. ಇಲ್ಲಿ ಮಳೆಗೆ ಬರ, ಧೂಳಿಗೆ ಬರವಿಲ್ಲ. ಕೀ ಒಳಗೆ ಹೋಗುವಾಗಲೇ ಕರಕರ ಅನ್ನುತ್ತಿತ್ತು. ತಿರುಗಿಸಿದರೆ ಒಮ್ಮೊಮ್ಮೆ ತಿರುಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಗಾಡಿ ಆಫ್ ಮಾಡಿ ಎಳೆದರೆ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಕೆಲಸ ಸುಲಭ. ಕೀ ಹೋಗುವ ಸಿಲಿಂಡರ್‌ನಲ್ಲಿ ಸಾಲಾಗಿ ತೆಳುವಾದ ಲೋಹದ ಬಿಲ್ಲೆಗಳು ಇರುತ್ತವೆ. ಮೆಕ್ಯಾನಿಕ್‌ಗಳು ಕೆಲವರು ವೇಫರ್ ಅಂತಾರೆ, ಕೆಲವರು ಪತ್ತಿ ಅಂತಾರೆ. ಒಂದೊಂದಕ್ಕೂ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗ್. ಕೀಲಿಯ ಹಲ್ಲುಗಳು ಸರಿಯಾಗಿ ಕೂತರೆ ಎಲ್ಲ ಪತ್ತಿಗಳೂ ಸಿಲಿಂಡರ್ ಮಟ್ಟಕ್ಕೆ ಸಮ ಆಗುತ್ತವೆ, ಆಗ ಅದು ತಿರುಗುತ್ತದೆ. ಒಂದೇ ಒಂದು ಪತ್ತಿ ಚೂರು ಹೊರಗೆ ಚಾಚಿಕೊಂಡಿದ್ದರೂ ತಿರುಗುವುದಿಲ್ಲ. ಇನ್ನೊಂದು ವಿಷಯ: ಸಿಲಿಂಡರ್ ಲಾಕ್ ಜಾಗಕ್ಕೆ ಪೂರ್ತಿ ವಾಪಸ್ ಬರದೆ ಪತ್ತಿಗಳಿಗೆ ಮೇಲೆ ಕೆಳಗೆ ಆಡಲು ಜಾಗವೇ ಇರುವುದಿಲ್ಲ. ಅವು ಕೀಲಿಯನ್ನು ಬಿಡುವುದೂ ಇಲ್ಲ. ಹಾಗಾಗಿ ಎಸಿಸಿ ಜಾಗದಲ್ಲಿ, ಅಂದರೆ ಇಂಜಿನ್ ಆಫ್ ಆಗಿ ರೇಡಿಯೊ ಮಾತ್ರ ನಡೆಯುವ ಜಾಗದಲ್ಲಿ, ಇಟ್ಟುಕೊಂಡು ಎಷ್ಟು ಎಳೆದರೂ ಅಷ್ಟೇ. ಕೆಲವು ಗಾಡಿಗಳಲ್ಲಿ ಎಸಿಸಿಯಿಂದ ಲಾಕ್‌ಗೆ ಬರಬೇಕಾದರೆ ಕೀಲಿಯನ್ನು ಒಳಕ್ಕೆ ಒತ್ತಿ ತಿರುಗಿಸಬೇಕು. ಹೊಸದಾಗಿ ಓಡಿಸುವವರು ಇಲ್ಲೇ ಒದ್ದಾಡುತ್ತಾರೆ.

ತಿರುಗುವುದೇ ಇಲ್ಲ ಅನ್ನುವವರು ಮೊದಲು ಸ್ಟೇರಿಂಗ್ ನೋಡಿ. ಗಾಡಿ ನಿಲ್ಲಿಸಿದಾಗ ಚಕ್ರ ಒಂದು ಕಡೆ ತಿರುಗಿದ್ದರೆ, ಅಥವಾ ಫುಟ್‌ಪಾತ್ ಅಂಚಿಗೆ ಒತ್ತಿಕೊಂಡಿದ್ದರೆ, ಸ್ಟೇರಿಂಗ್ ಲಾಕಿನ ಗೂಟದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಆ ಭಾರ ಇರುವವರೆಗೂ ಕೀ ಅಲ್ಲಾಡಲ್ಲ. ಒಂದು ಕೈಯಲ್ಲಿ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ಇನ್ನೊಂದು ಕೈಯಲ್ಲಿ ಕೀಲಿಯನ್ನು ಮೆತ್ತಗೆ ತಿರುಗಿಸಿ. ಜೋರು ಬೇಡ. ಕೀ ಮುರಿದು ತುದಿ ಒಳಗೇ ಉಳಿದರೆ ಆಮೇಲೆ ಬೇರೆಯದೇ ಕಥೆ.

ನನ್ನ ಗಾಡಿಯಲ್ಲಿ ಸ್ಟೇರಿಂಗ್ ತಂಟೆ ಇರಲಿಲ್ಲ. ಕೀಲಿಯನ್ನು ಹೊರಗೆ ತೆಗೆದು ಬಿಳಿ ಬನಿಯನ್ ಬಟ್ಟೆಯಲ್ಲಿ ಒರೆಸಿದೆ. ಕೆಂಪು ಬಂತು. ತುಕ್ಕು ಅಂದುಕೊಂಡರೆ ಅಲ್ಲ, ಕುಂಕುಮ! ನಮ್ಮಲ್ಲಿ ಆಯುಧ ಪೂಜೆ ದಿನ ಅಮ್ಮ ಗಾಡಿಯ ಬಾನೆಟ್ಟಿಗೆ, ಸ್ಟೇರಿಂಗಿಗೆ, ಕೀಲಿಗೆ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಕೀಲಿ ಹಾಗೇ ಇಗ್ನಿಷನ್ ಒಳಗೆ ಹೋಗುತ್ತದೆ. ಕಾರಿನ ಹಿಂದಿನ ಮಾಲೀಕರ ಮನೆಯಲ್ಲೂ ಅದೇ ನಡೆದಿರಬೇಕು. ಜೊತೆಗೆ ಯಾರೋ ಎಣ್ಣೆ ಬಿಟ್ಟಿದ್ದಾರೆ. ಅದಕ್ಕೆ ರಸ್ತೆ ಧೂಳು ಸೇರಿದೆ. ಎಲ್ಲ ಕಲಸಿ, ಉಪ್ಪಿನಕಾಯಿ ಭರಣಿಯ ತಳದಲ್ಲಿ ಉಳಿಯುವ ಮಸಾಲೆಯ ಥರ ಗಟ್ಟಿಯಾಗಿ ಕೂತಿತ್ತು. ಕೊಬ್ಬರಿ ಎಣ್ಣೆ ಬೇಡ ಅನ್ನುವುದು ಇದಕ್ಕೇ. ಹಾಕಿದ ದಿನ ಸಲೀಸು, ಆಮೇಲೆ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟುವುದು ಬೇರೆ.

ಇನ್ನು ನಾನು ಮಾಡಿದ್ದು. ಮೊದಲು ಹತ್ತು ನಂಬರ್ ಸ್ಪ್ಯಾನರಿನಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದೆ. ಸಿಲಿಂಡರಿನ ಹಿಂದೆಯೇ ಕರೆಂಟ್ ಹರಿಯುವ ಸ್ವಿಚ್ ಇದೆ, ಒದ್ದೆ ಮಾಡುವಾಗ ಅದು ಜೀವಂತ ಇರಬಾರದು. ಗಡಿಯಾರ, ರೇಡಿಯೊ ಮತ್ತೆ ಸೆಟ್ ಮಾಡಬೇಕಾಗುತ್ತದೆ, ಮಾಡಿಕೊಳ್ಳಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಕೊಳೆ ಕರಗಿಸಿ ತಾನು ಆವಿಯಾಗಿ ಹೋಗುತ್ತದೆ, ಜಿಡ್ಡು ಬಿಡುವುದಿಲ್ಲ. ಪ್ಲಾಸ್ಟಿಕ್ಕಿಗೆ ತೊಂದರೆ ಮಾಡದ್ದೇ ಬೇಕು, ಡಬ್ಬಿ ಮೇಲೆ ಬರೆದಿರುತ್ತದೆ. ಬೆಂಕಿ ಹತ್ತುವ ವಸ್ತು ಅದು, ಬಾಗಿಲುಗಳನ್ನು ತೆರೆದಿಟ್ಟುಕೊಳ್ಳಿ.

ಅದರ ಸಣ್ಣ ಕೆಂಪು ಕೊಳವೆಯನ್ನು ಕೀ ತೂತಿಗೆ ಇಟ್ಟು ಚುರ್ ಅಂತ ಒಂದು ಸಲ ಬಿಟ್ಟೆ. ಕೆಳಗೆ ಬಟ್ಟೆ. ಕೀ ಹಾಕಿದೆ, ತೆಗೆದೆ, ಒರೆಸಿದೆ. ಮೊದಲು ಕಡು ಕಂದು ಬಂತು, ಆಮೇಲೆ ಕೆಂಪು, ಆಮೇಲೆ ತಿಳಿ ಗುಲಾಬಿ. ಹಲ್ಲುಗಳ ಸಂದಿಯಲ್ಲಿ ಹಿತ್ತಾಳೆಯ ಹೊಳಪಿನ ಚೂರುಗಳೂ ಇದ್ದವು. ಅದು ಕೊಳೆಯಲ್ಲ, ಲೋಹವೇ ಸವೆದು ಉದುರಿದ್ದು. ಬಟ್ಟೆಯ ಮೇಲೆ ಏನೂ ಬಾರದವರೆಗೆ ಹೀಗೇ ಮಾಡಿ, ಪೂರ್ತಿ ಒಣಗಲು ಬಿಟ್ಟೆ.

ಒಣಗಿದ ಮೇಲೆ ಗ್ರಾಫೈಟ್. ಪುಡಿ ಸಿಕ್ಕರೆ ಸರಿ, ಇಲ್ಲದಿದ್ದರೆ ಡ್ರಾಯಿಂಗ್ ಸಾಮಾನಿನ ಅಂಗಡಿಯಲ್ಲಿ 8ಬಿ ಪೆನ್ಸಿಲ್ ತಗೊಳ್ಳಿ. ಮಕ್ಕಳ ಎಚ್‌ಬಿ ಪೆನ್ಸಿಲಿನಲ್ಲಿ ಜೇಡಿಮಣ್ಣಿನ ಪಾಲು ಜಾಸ್ತಿ, 8ಬಿಯಲ್ಲಿ ಗ್ರಾಫೈಟ್ ಜಾಸ್ತಿ. ಕೀಲಿಯ ಎರಡೂ ಬದಿಗೆ ಕಪ್ಪಾಗುವಂತೆ ಉಜ್ಜಿ, ಒಳಗೆ ಹೊರಗೆ ಆಡಿಸಿದರೆ ಪತ್ತಿಗಳಿಗೆ ತಾನೇ ಹತ್ತಿಕೊಳ್ಳುತ್ತದೆ. ಸ್ವಲ್ಪ ಸಾಕು. ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ, ಹಿಂದಿನ ಸ್ವಿಚ್ಚಿಗೆ ಹೋಗುವಷ್ಟು ಊದಬಾರದು. ಎಣ್ಣೆ ಹಾಕಿದ ಲಾಕಿಗೆ ಮೇಲಿಂದ ಗ್ರಾಫೈಟ್ ಹಾಕಿದರೆ ಮತ್ತೆ ಕೆಸರೇ.

ಕರಕರ ಸದ್ದು ಪೂರ್ತಿ ಹೋಯಿತು. ಆದರೆ ತಿರುಗುವಾಗ ಆಗೊಮ್ಮೆ ಈಗೊಮ್ಮೆ ಹಿಡಿಯುವುದು ಮಾತ್ರ ನಿಲ್ಲಲಿಲ್ಲ. ಗಾಡಿ ಜೊತೆ ಬಂದ ಎರಡನೇ ಕೀ ಬೀರುವಿನಲ್ಲಿತ್ತು, ಯಾರೂ ಬಳಸಿರಲಿಲ್ಲ. ಅದನ್ನು ಹಾಕಿದೆ. ಬೆಣ್ಣೆಯಂತೆ ತಿರುಗಿತು. ಈ ಪರೀಕ್ಷೆ ಎಲ್ಲರೂ ಮಾಡಬೇಕು. ಎರಡೂ ಕೀ ಹಿಡಿದರೆ ತಪ್ಪು ಲಾಕಿನದು, ಒಂದು ಮಾತ್ರ ಹಿಡಿದರೆ ಆ ಕೀಲಿಯದು. ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಹಳೆಯದರ ಹಲ್ಲಿನ ತುದಿಗಳು ನುಣುಪಾಗಿ ತಗ್ಗಿರುತ್ತವೆ.

ಹಳೇ ಕೀ ಹಿಡಿದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಕೀ ಮಾಡುವವರ ಬಳಿ ಹೋದೆ. ಅವರು ಬೆರಳಲ್ಲಿ ಹಲ್ಲು ಸವರಿ ನೋಡಿ ವಾಪಸ್ ಕೊಟ್ಟರು. "ಇದಕ್ಕೆ ಡ್ಯೂಪ್ಲಿಕೇಟ್ ಮಾಡಿದ್ರೆ ಸವಕಲಿಗೂ ಡ್ಯೂಪ್ಲಿಕೇಟ್ ಆಗುತ್ತೆ ಸಾರ್. ಬೀರುವಿನಲ್ಲಿ ಇರೋದನ್ನ ತನ್ನಿ."

"ಚಿಪ್ ಇದೆಯಲ್ಲಣ್ಣ, ಅದೇನು ಮಾಡೋದು?"

"ಬರೀ ಹಲ್ಲು ಕೊರೆದು ಕೊಟ್ರೆ ಬಾಗಿಲು ತೆಗೆಯುತ್ತೆ, ಇಂಜಿನ್ ಸ್ಟಾರ್ಟ್ ಆಗಲ್ಲ. ಹಳೇದರ ತಲೆಯಿಂದ ಚಿಪ್ ತೆಗೆದು ಹೊಸದಕ್ಕೆ ಕೂರಿಸ್ತೀನಿ, ಬಿಡಿ."

ಹಾಗೇ ಮಾಡಿದರು. ಎರಡನೇ ಕೀ ಇಲ್ಲದವರು ಗಾಡಿ ಕೊಂಡಾಗ ಕೀ ಜೊತೆ ಬಂದಿದ್ದ ನಂಬರಿನ ಸಣ್ಣ ಬಿಲ್ಲೆ ಇದೆಯಾ ಹುಡುಕಿ. ಆ ನಂಬರಿನಿಂದ ಮೂಲ ಅಳತೆಗೇ ಕೀ ಕೊರೆಸಬಹುದು.

ಕೀ ಗೊಂಚಲನ್ನೂ ಹಗುರ ಮಾಡಿದೆ. ಮನೆ ಕೀ, ಬೀರು ಕೀ, ಗೇಟಿನ ಕೀ, ಜೊತೆಗೊಂದು ಹಿತ್ತಾಳೆ ಗಣಪತಿ, ಎಲ್ಲ ಅಲ್ಲೇ ತೂಗುತ್ತಿದ್ದವು. ಹಳ್ಳ ಗುಂಡಿಯ ರಸ್ತೆಯಲ್ಲಿ ಆ ಭಾರ ಸಿಲಿಂಡರನ್ನು ಜಗ್ಗುತ್ತಲೇ ಇರುತ್ತದೆ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ 2014ರಲ್ಲಿ ಲಕ್ಷಗಟ್ಟಲೆ ಕಾರು ವಾಪಸ್ ಕರೆಸಿದ್ದು ಇಗ್ನಿಷನ್ ಸ್ವಿಚ್ಚಿನ ಬಿಗಿ ಸಾಲದೆ. ಭಾರದ ಗೊಂಚಲು ಜಗ್ಗಿದರೆ ಓಡುತ್ತಿರುವಾಗಲೇ ಕೀ ಆನ್‌ನಿಂದ ಜಾರಿ ಇಂಜಿನ್ ಆಫ್ ಆಗುತ್ತಿತ್ತು, ಏರ್‌ಬ್ಯಾಗ್ ಕೂಡ ತೆರೆಯುತ್ತಿರಲಿಲ್ಲ. ಆ ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ಗಣಪತಿ ಈಗ ಡ್ಯಾಶ್‌ಬೋರ್ಡ್ ಮೇಲೆ ಆರಾಮಾಗಿ ಕೂತಿದ್ದಾನೆ.

ಆಟೋಮ್ಯಾಟಿಕ್ ಗೇರಿನ ಗಾಡಿ ಇದ್ದವರಿಗೆ ಒಂದು ಮಾತು. ಕೀ ಹೊರಗೆ ಬರುತ್ತಿಲ್ಲ ಅಂದರೆ ಗೇರ್ ಪೂರ್ತಿ ಪಿ ಜಾಗದಲ್ಲಿ ಕೂತಿದೆಯಾ ನೋಡಿ. ಕೂತಿಲ್ಲದಿದ್ದರೆ ಕೀ ಬಿಡದ ಹಾಗೆ ಬೇಕಂತಲೇ ಮಾಡಿರುತ್ತಾರೆ. ಬ್ರೇಕ್ ಒತ್ತಿ, ಒಮ್ಮೆ ಡಿಗೆ ಹಾಕಿ ಮತ್ತೆ ಪಿಗೆ ತಂದು ನೋಡಿ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಇಳಿದರೂ ಹೀಗಾಗುತ್ತದೆ.

ಇಷ್ಟೆಲ್ಲ ಮಾಡಿ, ಸವೆಯದ ಕೀ ಹಾಕಿದ ಮೇಲೂ ಹಿಡಿಯುತ್ತಿದ್ದರೆ ಒಳಗಿನ ಪತ್ತಿಯೋ ಸ್ಪ್ರಿಂಗೋ ಹೋಗಿದೆ ಅಂತ ಅರ್ಥ. ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಸ್ಟೇರಿಂಗ್ ಒಳಗೆ ಏರ್‌ಬ್ಯಾಗ್ ಇರುವ ಗಾಡಿಯಲ್ಲಂತೂ ಅದರ ಸುತ್ತ ನೀವೇ ಬಿಚ್ಚಲು ಹೋಗಬೇಡಿ. ಮೆಕ್ಯಾನಿಕ್‌ಗೆ ಕೊಡುವಾಗ ಎರಡೂ ಕೀ ಕೊಡಿ. ಪೂರ್ತಿ ಸೆಟ್ ಬದಲಿಸುವ ಮೊದಲು, ಇದೇ ಸಿಲಿಂಡರಿಗೆ ಪತ್ತಿ ಬದಲಿಸಿ ಹಳೇ ಕೀಲಿಯಲ್ಲೇ ನಡೆಯುವ ಹಾಗೆ ಮಾಡಬಹುದಾ ಅಂತ ಕೇಳಿ. ಇಲ್ಲದಿದ್ದರೆ ಬಾಗಿಲಿಗೊಂದು ಕೀ, ಇಗ್ನಿಷನ್‌ಗೊಂದು ಕೀ ಹಿಡಿದು ಓಡಾಡಬೇಕಾಗುತ್ತದೆ.