ಏಳ್ ಮೂರ್ಲ ಇಪ್ಪತ್ತೊಂದು: ಸೊನ್ನೆಯಿಂದ ಹಾಫ್ ಮ್ಯಾರಥಾನ್‌ಗೆ ನಮ್ಮ 25 ವಾರ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಹೋದ ಜೂನ್‌ನಲ್ಲಿ ಶುರು ಮಾಡಿದವರು ಹದಿನಾಲ್ಕು ಜನ. ಹನ್ನೊಂದು ಜನ 10 ಕಿ.ಮೀ. ಮುಗಿಸಿದರು, ಅವರಲ್ಲಿ ಏಳು ಜನ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಹಾಫ್ ಮ್ಯಾರಥಾನಿನ 21.1 ಕಿ.ಮೀ. ಕೂಡ ಓಡಿ ಬಂದರು. ಮುಂದಿದ್ದವರು ಸುಮಾರು 2 ಗಂಟೆ 20 ನಿಮಿಷ, ಕೊನೆಯವರು 3 ಗಂಟೆ ದಾಟಿ ಐದಾರು ನಿಮಿಷ. ಅದರ ಹಿಂದಿನ ವರ್ಷ ಹನ್ನೆರಡು ಜನ ಸೇರಿ, ಕೊನೆಗೆ ಉಳಿದವರು ಮೂರೇ. ಎರಡು ವರ್ಷಕ್ಕೂ ಊರು ಅದೇ ದಾವಣಗೆರೆ, ಹೈಸ್ಕೂಲ್ ಮೈದಾನ ಅದೇ. ಬದಲಾದದ್ದು ವಿಧಾನ.

ಮೈದಾನದ ಹಳಬರು ಮೊದಲ ವಾರವೇ ಕೇಳಿದ್ದರು: “ಏನ್ರಪ್ಪಾ, ಓಡಾಕ ಬಂದೀರೋ, ವಾಕಿಂಗಿಗೆ ಬಂದೀರೋ?” ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯೋರನ್ನ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತೆ. ಈಗ ಅವರಲ್ಲೇ ಇಬ್ಬರು ನಮ್ಮ ವಾರವಾರದ ಓಟದ ಲೆಕ್ಕ ಬರೆದ ಚೀಟಿಯ ಫೋಟೊ ತೆಗೆದುಕೊಂಡು ಹೋಗಿದ್ದಾರೆ.

ಮೊದಲ ವರ್ಷ ಕೆಟ್ಟಿದ್ದು ಎಲ್ಲಿ? ಕಿಲೋಮೀಟರ್ ಹಿಡಿದು ಓಡಿಸಿದ್ದು. “ಈ ವಾರ ಎಲ್ಲರೂ 3 ಕಿ.ಮೀ., ಮುಂದಿನ ವಾರ 4” ಅಂತ. ಒಬ್ಬನಿಗೆ 3 ಕಿ.ಮೀ. ಅಂದರೆ 17 ನಿಮಿಷ, ಇನ್ನೊಬ್ಬರಿಗೆ 30. ನಿಧಾನ ಇರೋರ ಕಾಲಿಗೆ ಹೆಚ್ಚೂಕಮ್ಮಿ ಎರಡರಷ್ಟು ಹೊತ್ತಿನ ಬಡಿತ. ಜೊತೆಗೆ ಸ್ಟ್ರಾವಾ, ಓಟದ ಲೆಕ್ಕ ಎಲ್ಲರಿಗೂ ತೋರಿಸೋ ಆ್ಯಪ್. ಒಬ್ಬರ ವೇಗ ಇನ್ನೊಬ್ಬರು ನೋಡಿ ನೋಡಿ ಮಂಗಳವಾರದ ಸಲೀಸು ಓಟ ಪಂದ್ಯ ಆಗಿಹೋಯಿತು. ಮೂರನೇ ವಾರ ಮುಗಿಯೋದರೊಳಗೆ ಐದು ಜನ ಮಂಡಿಯಿಂದ ಕೆಳಗೆ ಮುಂದಿನ ಮೂಳೆ, ನಾವು ಶಿನ್ ಅನ್ನೋದು, ಅದನ್ನು ಹಿಡಿದುಕೊಂಡು ಕೂತರು.

ಮೂರು-ನಾಲ್ಕನೇ ವಾರದಲ್ಲೇ ಇದು ಬರೋದಕ್ಕೆ ಕಾರಣ ಇದೆ. ಉಸಿರು ಎರಡು ವಾರದಲ್ಲಿ ಸುಧಾರಿಸುತ್ತೆ, ಆದರೆ ಮೂಳೆ ಹೊಸ ಭಾರಕ್ಕೆ ತನ್ನನ್ನು ಕಟ್ಟಿಕೊಳ್ಳುವಾಗ ಮೊದಲು ಹಳೆಯದನ್ನು ಕೆರೆದು ತೆಗೆಯುತ್ತೆ, ತುಂಬೋದು ಆಮೇಲೆ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಂದರೆ “ಈಗ ಆರಾಮ ಆಯ್ತು, ಜೋರು ಮಾಡೋಣ” ಅನಿಸೋ ಹೊತ್ತಿಗೇ ಮೂಳೆ ಸೊರಗಿರುತ್ತೆ. ಇಷ್ಟು ಗೊತ್ತಿದ್ದರೆ ಸಾಕು.

ಶಿನ್ ನೋವು ಬಂದಾಗ ನಾವು ನೋಡೋದು ಹೀಗೆ. ಒಳಬದಿಯಲ್ಲಿ ಬೆರಳು ಜಾರಿಸುತ್ತಾ ಒತ್ತಬೇಕು. ಒಂದು ಗೇಣಿನ ಹತ್ತಿರ ಹತ್ತಿರ ಉದ್ದಕ್ಕೂ ನೋವು ಹರಡಿದ್ದರೆ ವಾರ ಇಳಿಸಿ, ಬರೀ ನಡೆದರೆ ಸಾಮಾನ್ಯವಾಗಿ ಹೋಗುತ್ತೆ. ಆದರೆ ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋವು ಇದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸೋಕೆ ಆಗದಿದ್ದರೆ ಅವತ್ತಿಗೇ ನಿಲ್ಲಿಸಿ, ಮೂಳೆ ಡಾಕ್ಟರ್ ಹತ್ತಿರ ಹೋಗೋದು. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. “ಎಕ್ಸ್‌ರೇ ಕ್ಲಿಯರ್ ಇದೆ” ಅಂತ ಮತ್ತೆ ಓಡಿದ ಒಬ್ಬರು ಮೊದಲ ವರ್ಷ ಮೂರು ತಿಂಗಳು ಮನೆಯಲ್ಲಿ ಕೂತರು.

ಎರಡನೇ ವರ್ಷ ಕಿಲೋಮೀಟರ್ ಅನ್ನೋ ಮಾತನ್ನೇ ಹತ್ತು ವಾರ ಬಂದ್ ಮಾಡಿದೆವು. ಬರೀ ನಿಮಿಷ. ವಾರಕ್ಕೆ ಮೂರು ದಿನ: ಮಂಗಳವಾರ, ಗುರುವಾರ, ಭಾನುವಾರ. ಮೊದಲ ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹತ್ತು ಸಲ. ಎರಡನೇ ವಾರ 2ಕ್ಕೆ 2. ಮೂರನೇ ವಾರ 3ಕ್ಕೆ 2. ನಾಲ್ಕನೇ ವಾರ 4ಕ್ಕೆ 1, ಆರು ಸಲ. ಯಾವ ದಿನವೂ ಅರ್ಧ ಗಂಟೆ ಮೀರಲಿಲ್ಲ. ನಾಲ್ಕನೇ ವಾರ ಕಷ್ಟ ಆದವರು ಅದನ್ನೇ ಇನ್ನೊಂದು ವಾರ ಮಾಡಿದರು. ನಾಚಿಕೆ ಏನೂ ಇಲ್ಲ, ಬೆಂಗಳೂರಲ್ಲಿ 21 ಮುಗಿಸಿದವರಲ್ಲಿ ಇಬ್ಬರು ಹಾಗೆ ಮಾಡಿದವರೇ.

ಐದರಿಂದ ಹತ್ತನೇ ವಾರದವರೆಗೆ ಮಂಗಳವಾರ-ಗುರುವಾರ ನಡಿಗೆ ಸ್ವಲ್ಪ ಸ್ವಲ್ಪ ಕಳಚಿ 30 ನಿಮಿಷ ಒಂದೇ ಸಮ ಓಡೋ ಹಂತಕ್ಕೆ ತಂದೆವು. ಭಾನುವಾರ ಮಾತ್ರ 4ಕ್ಕೆ 1 ಬಿಡಲೇ ಇಲ್ಲ: 35, 40, 35, 45, 55, 60 ನಿಮಿಷ. ಹನ್ನೊಂದನೇ ವಾರದಿಂದ ಭಾನುವಾರಗಳು ಹೀಗೆ ಹೋದವು: 65, 75, 60, 80, 90, 65, 95, 105, 75, 115, 125, 90, 135. ಎರಡು ವಾರ ಏರಿಸಿ ಮೂರನೇ ವಾರ ಇಳಿಸೋದು. ಇಳಿಸೋ ವಾರವೇ ಜನ ಜಗಳ ಆಡೋದು, “ಚೆನ್ನಾಗಿದ್ದೀನಲ್ಲ ಸಾರ್, ಯಾಕೆ ಇಳಿಸ್ಬೇಕು” ಅಂತ. ಚೆನ್ನಾಗಿರೋದಕ್ಕೇ ಇಳಿಸೋದು. 135 ನಿಮಿಷ ಅಂದರೆ ನಮ್ಮ ಸರಾಸರಿಯವರಿಗೆ ನಡಿಗೆ ಸೇರಿ ಕಿಲೋಮೀಟರಿಗೆ 8 ನಿಮಿಷದ ಲೆಕ್ಕದಲ್ಲಿ 17ರ ಹತ್ತಿರ. ಪೂರ್ತಿ 21 ತರಬೇತಿಯಲ್ಲಿ ಓಡಿಸಲೇ ಇಲ್ಲ, ಬೇಕಾಗಿಯೂ ಇಲ್ಲ. ಆಮೇಲಿನ ಭಾನುವಾರ 80, ಅದರ ಮುಂದಿನದು ಪಂದ್ಯ.

ಓಟವನ್ನು ವಾರಕ್ಕೆ ಹತ್ತು ಪರ್ಸೆಂಟ್‌ಗಿಂತ ಹೆಚ್ಚು ಏರಿಸಬಾರದು ಅನ್ನೋ ನಿಯಮ ಎಲ್ಲರ ಬಾಯಲ್ಲೂ ಇದೆ. ವಾರಕ್ಕೆ 8 ಕಿ.ಮೀ. ಓಡೋರಿಗೆ ಅದು 800 ಮೀಟರ್, ಇದ್ದೂ ಇಲ್ಲದ ಹಾಗೆ. ವಾರಕ್ಕೆ 50 ಓಡೋರು ಅದನ್ನೇ ಹಿಡಿದು ಬಡ್ಡಿ ಚಕ್ರಬಡ್ಡಿ ಹಾಕಿದರೆ ಎರಡು ತಿಂಗಳಲ್ಲಿ ದುಪ್ಪಟ್ಟು ಆಗುತ್ತೆ, ಕಾಲು ಉಳಿಯಲ್ಲ. ನಮಗೆ ಕೆಲಸಕ್ಕೆ ಬಂದ ನಿಯಮ ಬೇರೆ: ಭಾನುವಾರದ ನಿಮಿಷ ವಾರದ ಉಳಿದ ದಿನಗಳನ್ನೆಲ್ಲ ಕೂಡಿದ್ದಕ್ಕಿಂತ ತೀರ ಹೆಚ್ಚಾಗಬಾರದು. ಮಂಗಳವಾರ-ಗುರುವಾರ ಚಕ್ಕರ್ ಹೊಡೆದು ಭಾನುವಾರ ಒಂದೂವರೆ ಗಂಟೆ ಓಡೋರಿಗೇ ಮಂಡಿ ಹಿಡಿಯೋದು. ಅದಕ್ಕೇ 90 ನಿಮಿಷ ದಾಟಿದ ಮೇಲೆ ಶನಿವಾರ 25 ನಿಮಿಷದ್ದೊಂದು ನಾಲ್ಕನೇ ದಿನ ಸೇರಿಸಿ, ಮಂಗಳವಾರ-ಗುರುವಾರಗಳನ್ನು 40-45ಕ್ಕೆ ತಂದೆವು. ಗುರುವಾರದ ಕೊನೆಯ ಎಂಟು ನಿಮಿಷ ಏನು ಮಾಡಿಸುತ್ತೇವೆ ಅನ್ನೋದು ಇಲ್ಲಿ ಬೇಡ. ಮೈದಾನಕ್ಕೆ ಬಂದವರಿಗೆ ತೋರಿಸುತ್ತೇವೆ.

ವೇಗ ಎಷ್ಟು ಅಂತ ಕೇಳಿದವರಿಗೆಲ್ಲ ಕೊಟ್ಟ ಉತ್ತರ ಒಂದೇ: ಏಳರ ಮಗ್ಗಿ. ಓಡುತ್ತಲೇ “ಏಳೊಂದ್ಲ ಏಳು”ವಿನಿಂದ “ಏಳೈದ್ಲ ಮೂವತ್ತೈದು”ವರೆಗೆ ಗಟ್ಟಿಯಾಗಿ ಹೇಳಬೇಕು. ಸಾಲಿನ ಮಧ್ಯೆ ಉಸಿರು ಕಡಿದರೆ ವೇಗ ಜಾಸ್ತಿ. ಸಾಲಿಗೊಮ್ಮೆ ಉಸಿರು ತೆಗೆದುಕೊಂಡು ದಾಟಿದರೆ ಸರಿ. ಮಗ್ಗಿ ತಪ್ಪಿದರೆ ಅದು ಬೇರೆ ಸಮಸ್ಯೆ. ಇದಕ್ಕಿಂತ ಮುಂಚೆ ಕೈಗಡಿಯಾರದ ಹಾರ್ಟ್‌ರೇಟ್ ನಂಬಿ ಕೆಟ್ಟಿದ್ದೆವು. ಅಗ್ಗದ ಗಡಿಯಾರಗಳು ಓಡುವಾಗ ನಾಡಿ ಬಿಟ್ಟು ಹೆಜ್ಜೆಯ ಬಡಿತ ಹಿಡಿದುಕೊಳ್ಳುತ್ತವೆ. ಹೆಜ್ಜೆ ನಿಮಿಷಕ್ಕೆ 165 ಇದ್ದರೆ ಹಾರ್ಟ್‌ರೇಟೂ 165 ಅಂತ ತೋರಿಸಿ ಕೂತಿರುತ್ತೆ, ಆಸಾಮಿ ಆರಾಮಾಗಿ ಮಾತಾಡುತ್ತಾ ಇರ್ತಾನೆ. ನಿಂತು ಕೊರಳಿಗೆ ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದಾಗ ಗುಟ್ಟು ರಟ್ಟಾಯಿತು.

ಹೆಜ್ಜೆ ಅಂದಾಗ ನೆನಪಾಯಿತು. ನಿಮಿಷಕ್ಕೆ 180 ಹೆಜ್ಜೆ ಬೀಳಲಿ ಅಂತ ಮೆಟ್ರೊನೋಮ್, ಅಂದರೆ ಒಂದೇ ಸಮ ತಾಳ ಹಾಕೋ ಸಾಧನ, ಇಟ್ಟು ಓಡಿಸಿ ನೋಡಿದೆವು. ಎತ್ತರದವರು ಕೋಳಿ ಓಡಿದ ಹಾಗೆ ಓಡಿ ಹತ್ತೇ ನಿಮಿಷಕ್ಕೆ ಸುಸ್ತು. ಬಿಟ್ಟೆವು. ಅವರವರ ಈಗಿನ ಎಣಿಕೆಗೆ ನೂರಕ್ಕೆ ಐದರಷ್ಟು, ಅಂದರೆ 156 ಇದ್ದವರಿಗೆ 164 ಕೊಟ್ಟಾಗ ಮಂಡಿ ನೋವು ಹೇಳುತ್ತಿದ್ದ ಇಬ್ಬರಿಗೆ ನಿಜವಾಗಿ ಕಡಿಮೆ ಆಯಿತು. ಬರಿಗಾಲ ಪ್ರಯೋಗವೂ ಆಯಿತು. ಬರಿಗಾಲ ಓಟಕ್ಕೇ ಹೆಸರಾದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಮ್ಯಾರಥಾನನ್ನು 2 ಗಂಟೆ 12 ನಿಮಿಷದಲ್ಲಿ ಮುಗಿಸಿದ್ದು, ದಶಕಗಟ್ಟಲೆ ಯಾರೂ ಮುರಿಯದ ರಾಷ್ಟ್ರೀಯ ದಾಖಲೆ. ಅದನ್ನು ಹೇಳಿ ಒಬ್ಬ ಹುಡುಗ ಶೂ ಬಿಚ್ಚಿದ. ಮೈದಾನದ ಮಣ್ಣಲ್ಲಿ ಹತ್ತು ನಿಮಿಷ ಚೆನ್ನಾಗಿತ್ತು, ಮರುದಿನ ಮೀನಖಂಡ ಕಲ್ಲಾಗಿತ್ತು. ಈಗ ವಾರಕ್ಕೊಮ್ಮೆ ಹುಲ್ಲಿನ ಮೇಲೆ ಐದು ನಿಮಿಷ, ಅಷ್ಟೇ.

ಮೀನಖಂಡದ ಕೆಲಸವೇ ಈ ವರ್ಷ ನಮ್ಮನ್ನು ಉಳಿಸಿದ್ದು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಮೆಟ್ಟಿಲ ಅಂಚಿಗೆ ಮುಂಪಾದ ಊರಿ, ಹಿಮ್ಮಡಿ ಎರಡು ಎಣಿಕೆಗೆ ಮೇಲೆ, ಮೂರು ಎಣಿಕೆಗೆ ಮೆಟ್ಟಿಲಿಗಿಂತ ಕೆಳಗೆ. ಮಂಡಿ ನೇರ ಇಟ್ಟು 15, ಸ್ವಲ್ಪ ಬಗ್ಗಿಸಿ 15. ಇಂಥ ಮೂರು ಸುತ್ತು, ದಿನ ಬಿಟ್ಟು ದಿನ. ಬಗ್ಗಿಸಿ ಮಾಡೋದನ್ನೇ ಎಲ್ಲರೂ ಹಾರಿಸೋದು, ಆದರೆ ನಿಧಾನ ಓಟದಲ್ಲಿ ದುಡಿಯೋದು ಆ ಒಳಗಿನ ಸ್ನಾಯುವೇ. ಆರು ವಾರ ಆದ ಮೇಲೆ ಒಂಟಿ ಕಾಲಲ್ಲಿ. ಒಂದೊಂದು ಕಾಲಲ್ಲೂ 20 ತಡೆಯಿಲ್ಲದೆ ಆಗದವರನ್ನು 60 ನಿಮಿಷದ ಮುಂದೆ ಬಿಡಲಿಲ್ಲ. ಇಬ್ಬರು ಮುನಿಸಿಕೊಂಡು ಹೋದರು. ಹೋಗಲಿ.

ದಾರಿ ವಿಷಯ. ಭಾನುವಾರದ ಓಟಕ್ಕೆ ಹದಡಿ ರಸ್ತೆ ಹಿಡಿದಿದ್ದೆವು. ಎದುರಿಂದ ಬರುವ ಗಾಡಿ ಕಾಣಲಿ ಅಂತ ಬಲಗಡೆ ಓಡೋದು ಸರಿಯೇ, ಆದರೆ ಡಾಂಬರು ರಸ್ತೆ ಮಧ್ಯೆ ಉಬ್ಬಿ ಅಂಚಿಗೆ ಇಳಿಜಾರು. ಹೋಗುವಾಗಲೂ ಬರುವಾಗಲೂ ಬಲಗಡೆಯೇ ಓಡಿದರೆ ಒಂದೇ ಕಾಲು ಸದಾ ತಗ್ಗಿನಲ್ಲಿ. ನಾಲ್ಕು ಜನಕ್ಕೆ ಅದೇ ಒಂದು ಕಾಲಿನ ಮಂಡಿಯ ಹೊರಬದಿ ನೋವು ಬಂದಾಗ ಹೊಳೆಯಿತು. ಆಮೇಲೆ ಅರ್ಧ ಹೊತ್ತಾದರೂ ಕುಂದವಾಡ ಕೆರೆಯ ದಾರಿಗೆ ತಂದೆವು. ಅಲ್ಲೂ ಒಂದು ಸುತ್ತು ಎಡಕ್ಕೆ, ಮುಂದಿನದು ಬಲಕ್ಕೆ. ಅಕ್ಟೋಬರ್-ನವೆಂಬರ್ ಬಂತೆಂದರೆ ಹಳ್ಳಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿರುತ್ತಾರೆ. ರಾಶಿ ತುಳಿಯೋ ಮಾತೇ ಇಲ್ಲ, ಅದು ಅವರ ವರ್ಷದ ಅನ್ನ. ಆದರೆ ಬಳಿದ ಮೇಲೆ ಉಳಿದ ಚದುರಿದ ಕಾಳು ಬೇರಿಂಗ್ ಗುಂಡಿನ ಹಾಗೆ ಜಾರುತ್ತೆ. ಒಬ್ಬರ ಮಣಿಕಟ್ಟು ಉಳುಕಿದ್ದು ಹಾಗೆ. ಭದ್ರಾ ನಾಲೆ ಏರಿ ಬೇಸಿಗೆಯಲ್ಲಿ ಸ್ವರ್ಗ, ಮಳೆ ಬಿದ್ದ ಮರುದಿನ ಎರೆಮಣ್ಣು ಶೂಗೆ ಅರ್ಧ ಅರ್ಧ ಕೆಜಿ ಮೆತ್ತಿಕೊಳ್ಳುತ್ತೆ.

ನಮ್ಮೂರು ಸಪಾಟು. ಬೆಂಗಳೂರಿನ ಫ್ಲೈಓವರ್‌ಗಳಲ್ಲಿ ಏರಿಗಿಂತ ಇಳಿತ ಹೊಡೆಯುತ್ತೆ, ತೊಡೆಯ ಮುಂಭಾಗ ಅಲ್ಲೇ ಹೋಗೋದು. ಅದಕ್ಕೆ ಬಾತಿ ಗುಡ್ಡದ ಕಡೆ ನಾಲ್ಕು ಸಲ, ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಗೆ ಎರಡು ಸಲ ಹೋದೆವು. ಹತ್ತುವಾಗ ನಡಿಗೆ, ಇಳಿಯುವಾಗ ಸಣ್ಣ ಹೆಜ್ಜೆಯ ಓಟ. ಜೋಗಿಮಟ್ಟಿಗೆ ಹೋಗೋರು ಅರಣ್ಯ ಇಲಾಖೆ ಗೇಟಿನ ಸಮಯ ಮೊದಲೇ ಕೇಳಿಕೊಳ್ಳಿ.

ದುಡ್ಡು. ಮೊದಲ ವರ್ಷ ಒಬ್ಬರು ಒಂಬತ್ತು ಸಾವಿರದ ಶೂ ತಂದರು, ಎರಡು ತಿಂಗಳಿಗೆ ಓಟ ಬಿಟ್ಟರು, ಶೂ ಈಗ ಮದುವೆ ಮನೆಗೆ ಹೋಗುತ್ತೆ. ಇನ್ನಿಬ್ಬರು ಏಳುನೂರರ ಡೂಪ್ಲಿಕೇಟ್ ತಂದರು, ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯಿತು. ಜೆಲ್ ಇನ್‌ಸೋಲ್‌ಗೆ ಹಾಕಿದ ಸಾವಿರದೆಂಟುನೂರು ನೀರಿಗೆ. ಈ ವರ್ಷ ತಲೆಗೆ ಬಿದ್ದದ್ದು ನೆನಪಿದ್ದಷ್ಟು: ಶೂ 3,200, ಸಾಕ್ಸ್ ಮೂರು ಜೊತೆ 450, ವ್ಯಾಸಲಿನ್ ಮತ್ತು ಮೈಕ್ರೋಪೋರ್ ಟೇಪ್ 150, ಪಂದ್ಯದ ಫೀಸು 1,500, ಬೆಂಗಳೂರಿನ ಓಡಾಟ-ವಸತಿ 2,000. ಒಟ್ಟು 7,300ರ ಆಸುಪಾಸು. ಶೂ ಸಂಜೆ ಹೊತ್ತು ಕೊಳ್ಳಿ, ಕಾಲು ಊದಿರುತ್ತೆ. ಹೆಬ್ಬೆರಳ ಮುಂದೆ ಒಂದು ಹೆಬ್ಬೆಟ್ಟಿನ ಅಗಲ ಬಿಡಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತೆ. ಟೇಪ್ ಯಾಕೆ ಅಂತ ಗಂಡಸರು 90 ನಿಮಿಷ ದಾಟಿದ ದಿನ ಬನಿಯನ್ ಮೇಲೆ ಎದೆತೊಟ್ಟು ಉಜ್ಜಿ ಬಂದ ರಕ್ತ ನೋಡಿಕೊಂಡರೆ ಗೊತ್ತಾಗುತ್ತೆ.

ಎನರ್ಜಿ ಜೆಲ್ ಒಂದಕ್ಕೆ ನೂರು-ನೂರೈವತ್ತು ರೂಪಾಯಿ, ಒಳಗಿರೋದು ಸುಮಾರು 25 ಗ್ರಾಂ ಸಕ್ಕರೆ ಅಂಶ. ಅಷ್ಟಕ್ಕೆ ಬೆಲ್ಲದ ಉಂಡೆ ಕಟ್ಟಿ ನೋಡಿದೆವು, ಬೆವರಿಗೆ ಕರಗಿ ಜೇಬೆಲ್ಲ ಅಂಟು, ಇರುವೆ ಬೇರೆ. ಬೀಜ ತೆಗೆದ ಸಾದಾ ಖರ್ಜೂರ ನಾಲ್ಕು ಅದೇ ಕೆಲಸ ಮಾಡಿತು. 75 ನಿಮಿಷ ದಾಟುವ ದಿನ ಮಾತ್ರ, 45 ನಿಮಿಷಕ್ಕೊಮ್ಮೆ, ನಡಿಗೆಯ ನಿಮಿಷದಲ್ಲಿ ಜಗಿದು. ನೀರಿಗೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಸಪಾಟಾಗಿ ಅಳೆದು. ಓಟಕ್ಕೆ ಮುಂಚೆ, ಆಮೇಲೆ ತೂಕ ನೋಡಿ: ಒಂದು ಕೆಜಿ ಇಳಿದರೆ ಹೆಚ್ಚೂಕಮ್ಮಿ ಒಂದು ಲೀಟರ್ ಬೆವರು. ಒಬ್ಬರ ತೂಕ ಓಡಿದ ಮೇಲೆ ಅರ್ಧ ಕೆಜಿ ಏರಿತ್ತು, ಭಯಕ್ಕೆ ಕುಡಿದೂ ಕುಡಿದೂ. ಅದು ಕಡಿಮೆ ಕುಡಿದಷ್ಟೇ ಅಪಾಯ, ರಕ್ತದ ಸೋಡಿಯಂ ಇಳಿಯುತ್ತೆ. ಶನಿವಾರ ರಾತ್ರಿ ಮಂಡಕ್ಕಿ ತಿನ್ನಿ, ಮಿರ್ಚಿ ಬೇಡ. ಬೆಣ್ಣೆದೋಸೆ ಭಾನುವಾರ ಓಟ ಮುಗಿದ ಮೇಲೆ, ಎಷ್ಟು ಬೇಕಾದರೂ.

ಪಂದ್ಯದ ದಿನವೂ 4ಕ್ಕೆ 1 ಬಿಡಬೇಡಿ ಅಂದಿದ್ದೆವು. ಮೊದಲ ನಿಮಿಷದಿಂದಲೇ ನಡಿಗೆ ಶುರು ಮಾಡಿದ ಐವರು 15 ಕಿ.ಮೀ. ದಾಟಿದ ಮೇಲೂ ಅದೇ ವೇಗದಲ್ಲಿದ್ದರು. “ಜನ ನೋಡ್ತಾರೆ” ಅಂತ 10ರವರೆಗೆ ಒಂದೇ ಸಮ ಓಡಿದ ಇಬ್ಬರು 17ರಲ್ಲಿ ಡಿವೈಡರ್ ಮೇಲೆ ಕೂತು ತೊಡೆ ತಿಕ್ಕಿಕೊಳ್ಳುತ್ತಿದ್ದರು. ಅವರೂ ಮುಗಿಸಿದರು, ಆದರೆ ಕೊನೆಯ 4 ಕಿ.ಮೀ.ಗೆ 45 ನಿಮಿಷ ಹಿಡಿಯಿತು.

ಮುಂದಿನ ತಂಡ ಜೂನ್ ಎರಡನೇ ವಾರ, ಬೆಳಗ್ಗೆ ಐದೂವರೆಗೆ. ಹೊಸ ಶೂ ಕೊಂಡು ಬರಬೇಡಿ. ದಿನಾ ಹಾಕುವ ಹಳೆಯದನ್ನೇ ಹಾಕಿಕೊಂಡು ಬನ್ನಿ, ಅದರ ಅಟ್ಟೆ ಎಲ್ಲಿ ಸವೆದಿದೆ ಅಂತ ಮೊದಲು ನೋಡಬೇಕು.