ಬೆಟಗೇರಿಯ ಮನೆಗಳಲ್ಲಿ ಹೊಲಸು ವಿಡಿಯೊಗೆ ಬಾಗಿಲು ಹಾಕಿದ್ದು

‘ನೋಡಾವ್ರು ನೋಡತಾರ, ನಿನಗ್ಯಾಕ ಉಸಾಬರಿ?’ ಎಂದು ನಕ್ಕ ಲೈನ್‌ಮನ್ ಗೆಳೆಯರೇ ಈಗ ಸೆಟ್ಟಿಂಗ್ ಕೇಳಿ ಫೋನ್ ಮಾಡುತ್ತಾರೆ. ಮಕ್ಕಳ ಕಣ್ಣಿಗೆ ಹೊಲಸು ವಿಡಿಯೊ ಬೀಳದ ಹಾಗೆ ಮನೆಯ ಇಂಟರ್ನೆಟ್ಟಿಗೆ ತಡೆ ಹಾಕುವ ಸೆಟ್ಟಿಂಗ್ ಅದು. ಅದಕ್ಕೇ ಬರೆಯುತ್ತಿದ್ದೇನೆ. ಗದಗ-ಬೆಟಗೇರಿಯಲ್ಲಿ ಇಂಟರ್ನೆಟ್ ಫೈಬರ್ ಎಳೆಯುವವ ನಾನು.

ಮೊದಲು ದುಡ್ಡು ಹೋದದ್ದು ಭಾಷಣಕ್ಕೆ. ಬ್ಯಾನರ್, ಮೈಕು, ಚಹಾ, ಗಿರ್ಮಿಟ್ ಸೇರಿ ಮೂರು ಸಾವಿರದ ಸುಮಾರು. ಬಂದ ಪಾಲಕರು ಹದಿನೈದೂ ಇರಲಿಲ್ಲ. ಬ್ಯಾನರಿನಲ್ಲಿ ‘ಅಶ್ಲೀಲ’ ಅಂತ ಓದಿಯೇ ಹೆಣ್ಣುಮಕ್ಕಳು ಬಾಗಿಲಿಂದ ಹೊಳ್ಳಿದರು. ಆಮೇಲೆ ದುಡ್ಡು ಕೊಟ್ಟು ಲಾಕ್ ಆ್ಯಪ್ ತಂದು ಅಕ್ಕನ ಮಗನ ಫೋನಿಗೆ ಹಾಕಿದೆ. ಎಂಟನೇ ಇಯತ್ತೆ ಹುಡುಗ, ನಾಲ್ಕೇ ದಿನದಲ್ಲಿ ಕಿತ್ತೆಸೆದ.

ಫೋನ್ ಬಿಟ್ಟು ರೌಟರ್ ಹಿಡಿದೆ. ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಅದರ ಜಾಗದಲ್ಲಿ 1.1.1.3, ಎರಡನೆಯದಕ್ಕೆ 1.0.0.3 ಹಾಕಿದೆ. ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿಯವರು 2020ರಿಂದ ಪುಕ್ಕಟೆ ಕೊಡುವಂಥದು, ಹೊಲಸು ಸೈಟುಗಳನ್ನು ತೆರೆಯಗೊಡುವುದಿಲ್ಲ. ಆದರೂ ಮೊದಲ ಇಪ್ಪತ್ತು ಮನೆಗಳಲ್ಲಿ ಅರ್ಧದಷ್ಟು ಸೋರಿದವು. ಐಪಿವಿ6, ಅಂದರೆ ಇಂಟರ್ನೆಟ್ಟಿನ ಹೊಸ ನಮೂನೆಯ ವಿಳಾಸ, ಅದರ ಡಿಎನ್‌ಎಸ್ ಬದಲಿಸುವುದನ್ನೇ ಮರೆತಿದ್ದೆ! ಮೊಬೈಲ್ ಡೇಟಾಗೆ ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್‌ಎಸ್’ ಸೆಟ್ಟಿಂಗಿನಲ್ಲಿ ಕ್ಲೌಡ್‌ಫ್ಲೇರ್‌ನವರದೇ ಫ್ಯಾಮಿಲಿ ವಿಳಾಸ ಹಾಕಿದೆ. ವಿಪಿಎನ್ ಆ್ಯಪ್ ಹಾಕಿ ಈ ತಡೆ ದಾಟುವ ಹುಡುಗರಿಗೆ ಏನು ಮಾಡಿದೆ ಎಂದು ಇಲ್ಲಿ ಬರೆಯಲಾರೆ, ಅವರೂ ಓದುತ್ತಾರೆ.

ರಾತ್ರಿ ಹತ್ತಕ್ಕೆ ವೈಫೈ ತಾನೇ ಬಂದ್ ಆಗುವ ಹಾಗೆಯೂ ಮಾಡಿ ನೋಡಿದೆ. ಮೊದಲ ಬೈಗುಳ ಒಬ್ಬ ಅಪ್ಪನಿಂದಲೇ ಬಂತು. ಐಪಿಎಲ್‌ನ ಕೊನೇ ಓವರ್ ಅಂತೆ. ಅದನ್ನು ಕೈಬಿಟ್ಟೆ.

ಕೆಲಸ ಹತ್ತಿದ್ದು ನೇಕಾರ ಓಣಿಯ ಹೆಣ್ಣುಮಕ್ಕಳ ಸಂಘದಲ್ಲಿ, ವಾರದ ಕಂತು ಕಟ್ಟುವ ಹೊತ್ತಿಗೆ. ಬ್ಯಾನರಿಲ್ಲ, ಭಾಷಣವಿಲ್ಲ. ತಡೆ ಬಿತ್ತೋ ಇಲ್ಲವೋ ನೋಡಲು ಕ್ಲೌಡ್‌ಫ್ಲೇರ್‌ನವರದೇ ಪರೀಕ್ಷಾ ಪುಟವಿದೆ. ಹೊಲಸು ಸೈಟು ತೆರೆಯಬೇಕಿಲ್ಲ. ಅದನ್ನೇ ನನ್ನ ಫೋನಿನಲ್ಲಿ ತೋರಿಸಿದೆ. ಒಬ್ಬಾಕೆ ಸೆರಗಿನೊಳಗಿಂದ ಒಡೆದ ಗಾಜಿನ ಫೋನ್ ತೆಗೆದು ನನ್ನ ಮುಂದಿಟ್ಟಳು. ‘ಒಂಬತ್ತು ವರ್ಷದಾವ್ರೀ ನನ್ನ ಮಗ. ಆಟದಾಗ ಏನೋ ಬಂತಂತ, ಒತ್ಯಾನ. ಹೊಡದೇನ್ರಿ. ಈಗ ನನ್ನ ಜೋಡಿ ಮಾತಾಡವಲ್ಲ.’

ಅಂದಿನಿಂದ ನನ್ನದೊಂದು ಕರಾರು. ಹುಡುಗನನ್ನು ಹೊಡೆಯುವುದಿಲ್ಲ ಎಂದರಷ್ಟೇ ರೌಟರ್ ಮುಟ್ಟುತ್ತೇನೆ. ಯಾರಾದರೂ ದೊಡ್ಡವರು ಮಗುವಿಗೆ ಇಂಥ ವಿಡಿಯೊ ಕಳಿಸುತ್ತಿದ್ದರೆ ಅದು ನನ್ನ ಕೆಲಸವಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಹಚ್ಚಿರಿ ಅಂತೀನಿ. ರೌಟರ್ ಮೇಲೂ ಆ ನಂಬರು ಅಂಟಿಸುತ್ತೇನೆ. ಚೀಟಿ ಮುದ್ರಣಕ್ಕೆ ಸುಮಾರು ಆರುನೂರು, ನನ್ನ ಒಟ್ಟು ಖರ್ಚಿನಲ್ಲಿ ದಂಡವಾಗದ್ದು ಅದೊಂದೇ. ಈಗ ನೂರಾ ನಲವತ್ತು ಮನೆಗಳಾದವು, ಒಂದು ರೂಪಾಯಿ ತಗೊಂಡಿಲ್ಲ.

ಮೊನ್ನೆ ಆಕೆಯೇ ಫೋನ್ ಮಾಡಿದಳು. ಹುಡುಗ ತಾನಾಗಿಯೇ ಬಂದು ‘ಅವ್ವಾ, ಮತ್ತ ಬಂತು ನೋಡ’ ಎಂದು ತೋರಿಸಿದನಂತೆ. ಹೋಗಿ ನೋಡಿದೆ. ಅದೇ ಆಟದೊಳಗಿನ ಜಾಹೀರಾತು, ಡಿಎನ್‌ಎಸ್ ಕೈಗೆ ಸಿಗದಂಥದು. ಆಟವನ್ನೇ ತೆಗೆದೆವು. ಬೇರೆ ಯಾವ ಆಟ ಬೇಕೆಂದು ಅವನನ್ನೇ ಕೇಳಿ ಹಾಕಿಕೊಟ್ಟೆ.