ಯಾದಗಿರಿಯಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ನಿಧಿ ಹೊಂದಿಸುವ ಬಗೆ

ಯಾದಗಿರಿಯ ಹಳ್ಳಿಗಳಿಂದ ಬೆಂಗಳೂರು, ಮುಂಬೈಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗಾಗಿ ಕಲಿಕಾ ಕೇಂದ್ರ ನಡೆಸಬಯಸುವವರು ಮೊದಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಸ್ಥೆಯನ್ನು ನೋಂದಾಯಿಸಿ, ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ ಮಾನ್ಯತೆಗಳನ್ನು (12ಎ ಮತ್ತು 80ಜಿ ಎಂದು ಪರಿಚಿತ) ಆದಾಯ ತೆರಿಗೆ ಇಲಾಖೆಯಿಂದ ಪಡೆಯಬೇಕು. ಕಂಪನಿಗಳ ನೆರವು ಬೇಕಿದ್ದರೆ, 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಸಿಎಸ್‌ಆರ್-1 ನಮೂನೆಯನ್ನೂ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಪಡೆಯುವ ಸಂಸ್ಥೆಗಳ ನೋಂದಣಿ ಅರ್ಜಿ) ಸಲ್ಲಿಸಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಪ್ರಕಾರ ಅರ್ಹ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕಾದರೂ, ತಮ್ಮ ಘಟಕಗಳಿರುವ ಸ್ಥಳಗಳಿಗೇ ಆದ್ಯತೆ ಕೊಡುತ್ತವೆ. ಆದ್ದರಿಂದ ಯಾದಗಿರಿಯು ಕೇಂದ್ರ ಸರ್ಕಾರದ 2018ರ ಮಹತ್ವಾಕಾಂಕ್ಷಿ (ಅಭಿವೃದ್ಧಿಯಲ್ಲಿ ಹಿಂದುಳಿದ) ಜಿಲ್ಲೆಗಳ ಪಟ್ಟಿಯಲ್ಲಿರುವುದನ್ನು ಪ್ರಸ್ತಾವದ ಮೊದಲ ಪುಟದಲ್ಲೇ ಬರೆಯಿರಿ. ಬಜೆಟ್ಟಿನಲ್ಲಿ ಶಿಕ್ಷಕಿಯ ಸಂಬಳ, ಮಕ್ಕಳ ಊಟದ ಜೊತೆಗೆ ಲೆಕ್ಕಪರಿಶೋಧನೆಯ ಶುಲ್ಕವನ್ನೂ (ಇದನ್ನು ಮರೆಯುವವರೇ ಹೆಚ್ಚು) ಪ್ರತ್ಯೇಕವಾಗಿ ತೋರಿಸಿರಿ.